ಗಂಟುಗಾರನ ಕಿರುಬೆರಳು

ಗಾಳಿ ಆ ಊರಿಗೆ ಮಧ್ಯಾಹ್ನ ಬರುತ್ತಿತ್ತು. ದಿನವೂ ಬರುತ್ತಿತ್ತು. ಸೂರ್ಯ ನೆತ್ತಿಗೆ ಬಂದು, ನೆರಳು ಕಾಲಡಿ ಸೇರಿಕೊಂಡ ಹೊತ್ತಿಗೆ ಸರಿಯಾಗಿ, ಬೋಳುಗುಡ್ಡದ ಆಚೆಯಿಂದ ಏಳುತ್ತಿತ್ತು. ಕಟ್ಟದೆ ಬಿಟ್ಟದ್ದನ್ನೆಲ್ಲ ಎತ್ತಿಕೊಂಡು ಹೋಗುತ್ತಿತ್ತು. ಬುಟ್ಟಿ, ಬಟ್ಟೆ, ಕೋಳಿ, ಛಾವಣಿ. ಅದಕ್ಕೆ ಭೇದವಿರಲಿಲ್ಲ.

ಅಲ್ಲಿನ ಮನೆಗಳಿಗೆ ಕಲ್ಲಿನ ಗೋಡೆ, ಜೊಂಡಿನ ಛಾವಣಿ. ಮರ ಆ ನೆಲದಲ್ಲಿ ಬೆಳೆಯುತ್ತಿರಲಿಲ್ಲ. ಬೆಳಗಾಗುತ್ತಲೇ ಪ್ರತಿ ಮನೆಯವರೂ ಕತ್ತಾಳೆ ನಾರಿನ ಹಗ್ಗವನ್ನು ನೀರಲ್ಲಿ ನೆನೆಸುತ್ತಿದ್ದರು. ಹಸಿ ಹಗ್ಗವನ್ನು ಛಾವಣಿಯ ಮೇಲೆ ಬೀಸಿ, ಅಂಗಳದ ಕಲ್ಲುಗೂಟಕ್ಕೆ ಬಿಗಿದು ಗಂಟು ಹಾಕುತ್ತಿದ್ದರು. ಗಾಳಿ ಬಂದು ಎಳೆದಾಡಿ ಹೋದ ಮೇಲೆ ಗಂಟಿಗೆ ನೀರು ಹೊಯ್ದು ಬಿಚ್ಚುತ್ತಿದ್ದರು. ಬಿಚ್ಚದಿದ್ದರೆ ಇಬ್ಬನಿಗೆ ಕೊಳೆಯುತ್ತಿತ್ತು. ನಿನ್ನೆಯ ಗಂಟು ಇವತ್ತಿಗಿಲ್ಲ. ಇವತ್ತಿನ ಗಂಟು ನಾಳೆಗಿಲ್ಲ.

ಊರಿಗೆ ಒಂದೇ ಕಟ್ಟಳೆ. ಕಟ್ಟಿದ ಮೇಲೆ ಕಲ್ಲುಗೂಟಕ್ಕೆ ಅಂಗೈಯಿಂದ ಒಂದು ಏಟು ಹಾಕಬೇಕು. "ಕಟ್ಟಾಯಿತು" ಅನ್ನಬೇಕು. ಬೆನ್ನು ತಿರುಗಿಸಬೇಕು. ಗಾಳಿ ಬಂದು ಹೋಗುವ ತನಕ ಆ ಗಂಟನ್ನು ಮುಟ್ಟಬಾರದು. ಒಳಗೆ ಹೋಗಿ, ಅಂಗೈಗಳನ್ನು ತೊಡೆಯ ಮೇಲೆ ಮಲಗಿಸಿ ಕೂರಬೇಕು. ಯಾಕೆ ಅಂತ ಯಾರೂ ಕೇಳುತ್ತಿರಲಿಲ್ಲ. ಹಿರಿಯರು ಹೇಳಿದ್ದರು, ಅಷ್ಟೆ.

ವರ್ಷಕ್ಕೆ ಒಂದು ದಿನ ದೊಡ್ಡ ಗಾಳಿ ಬರುತ್ತಿತ್ತು. ಅದಕ್ಕೆ ಮನೆಗಳ ಹಗ್ಗ ಸಾಲುತ್ತಿರಲಿಲ್ಲ. ಅವತ್ತು ಎಲ್ಲರೂ ತಮ್ಮ ಛಾವಣಿ ಇಳಿಸಿ, ಮೇಲೆ ಕಲ್ಲು ಹೇರಿ, ಊರ ಚಾವಡಿಗೆ ಬಂದು ಕೂರುತ್ತಿದ್ದರು. ಚಾವಡಿಗೆ ಒಂದೇ ಸೂರು. ಸೂರಿಗೆ ತೋಳು ಗಾತ್ರದ ಒಂದೇ ಹಗ್ಗ. ಹಗ್ಗಕ್ಕೆ ಒಂದೇ ಗಂಟು. ಅದನ್ನು ಕಟ್ಟುವವನು ಗಂಟುಗಾರ.

ಏಳು ತಲೆಮಾರಿನಿಂದ ಅವನ ಮನೆಯವರೇ ಅದನ್ನು ಕಟ್ಟಿದ್ದರು. ಇವನು ಕಟ್ಟುತ್ತಾ ಇಪ್ಪತ್ತೆರಡು ವರ್ಷ. ಒಂದು ಸಲವೂ ಗಂಟು ಸಡಿಲಿರಲಿಲ್ಲ. ಹೊಗಳಿದರೆ ಅವನಿಗೆ ಸಿಟ್ಟು ಬರುತ್ತಿತ್ತು. ಹೊಗಳದಿದ್ದರೆ ಇನ್ನೂ ಸಿಟ್ಟು ಬರುತ್ತಿತ್ತು. ಬೀದಿಯಲ್ಲಿ ನಡೆಯುವಾಗ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಳ್ಳುತ್ತಿರಲಿಲ್ಲ. ಮುಂದೆ ಹಿಡಿದುಕೊಂಡು ನಡೆಯುತ್ತಿದ್ದ, ಎಲ್ಲರಿಗೂ ಕಾಣಲಿ ಅಂತ.

ಒಂದು ಬೆಳಿಗ್ಗೆ ಮನೆಯ ಗಂಟು ಹಾಕಿ, ಗೂಟಕ್ಕೆ ಏಟು ಹಾಕಿ, "ಕಟ್ಟಾಯಿತು" ಅಂದ. ಎಡಗೈಯ ಕಿರುಬೆರಳು ಅದುರಿತು. ನೊಣ ಕೂತ ಎತ್ತಿನ ಚರ್ಮ ಅದುರುವ ಹಾಗೆ. ಅಷ್ಟೇ. ಆಮೇಲೆ ನಿಂತಿತು.

ಅವನು ಅಲ್ಲೇ ನಿಂತ.

ಆ ಊರಲ್ಲಿ ಒಂದು ಕಾಯಿಲೆಯಿತ್ತು. ಕೈಮರೆವು ಅನ್ನುತ್ತಿದ್ದರು. ಮೊದಲು ಕಿರುಬೆರಳು ಅದುರುತ್ತದೆ. ಆಮೇಲೆ ಬೆರಳು ತನ್ನ ಒಡೆಯನನ್ನು ಮರೆಯುತ್ತದೆ. ಆಮೇಲೆ ಕೈ ಮರೆಯುತ್ತದೆ, ಕಾಲು ಮರೆಯುತ್ತದೆ, ನಾಲಿಗೆ ಮರೆಯುತ್ತದೆ. ಊರಲ್ಲಿ ಎಲ್ಲೋ ಒಬ್ಬರಿಗೆ ಬರುತ್ತಿತ್ತು. ಯಾರಿಗೆ ಅಂತ ಹೇಳುವ ಹಾಗಿರಲಿಲ್ಲ. ಗಂಟುಗಾರನ ದೊಡ್ಡಪ್ಪನಿಗೆ ಬಂದಿತ್ತು. ಅವನೂ ಗಂಟುಗಾರನೇ. ಒಂದು ಬೆಳಿಗ್ಗೆ ಹಸಿ ಹಗ್ಗ ಹಿಡಿದು, ತನ್ನ ಕೈಯನ್ನೇ ನೋಡುತ್ತಾ, ಯಾರದೋ ಕೈ ತನ್ನ ತೋಳಿಗೆ ಸಿಕ್ಕಿಸಿದ್ದಾರೆ ಅನ್ನುವ ಹಾಗೆ ನಿಂತಿದ್ದ. ಅವನನ್ನು ಇವನು ಕಂಡಿದ್ದ. ಮರೆತಿರಲಿಲ್ಲ.

ಅವತ್ತಿನಿಂದ ಗಂಟುಗಾರ ತನ್ನ ಮೈಗೆ ತಾನೇ ಕಾವಲುಗಾರನಾದ.

ಎದ್ದ ಕೂಡಲೇ ಬೆರಳುಗಳನ್ನು ಒಂದೊಂದಾಗಿ ಹೆಬ್ಬೆರಳಿಗೆ ಮುಟ್ಟಿಸುತ್ತಿದ್ದ. ಬಲಗೈಯನ್ನು ಎಡಗೈಗೆ ಹೋಲಿಸುತ್ತಿದ್ದ. ಒಂದು ಅಕ್ಕಿಕಾಳನ್ನು ಎರಡು ಬೆರಳಲ್ಲಿ ಹಿಡಿದು ಉಸಿರು ಕಟ್ಟಿ ನೋಡುತ್ತಿದ್ದ. ಕಾಳು ನಿಂತರೆ, ಇನ್ನೂ ಸ್ವಲ್ಪ ಹೊತ್ತು ಹಿಡಿಯುತ್ತಿದ್ದ. ಅಲುಗುವ ತನಕ ಹಿಡಿಯುತ್ತಿದ್ದ. ಅಲುಗಿದಾಗ, ನೋಡು, ಅನ್ನುತ್ತಿದ್ದ. ಮನೆಯ ಹಿಂದೆ ಹೋಗಿ ಒಂದು ಕಾಲಲ್ಲಿ ನಿಲ್ಲುತ್ತಿದ್ದ.

ಹೆಂಡತಿ ನೋಡಿದಳು.

"ಇದೇನು, ಕೊಕ್ಕರೆ ಆಗಿದ್ದೀರಾ?"

"ಏನಿಲ್ಲ. ನನ್ನ ಮಾತು ತೊದಲ್ತಾ ಇದೆಯಾ?"

"ದಿನಕ್ಕೆ ನಾಲ್ಕು ಮಾತು ಆಡ್ತೀರಿ. ಅದರಲ್ಲಿ ತೊದಲೋಕೆ ಎಲ್ಲಿ ಜಾಗ?"

"ಈ ಬೆರಳು ನೋಡು. ಅದುರ್ತಿದೆಯಾ?"

ಅವಳು ನೋಡಿದಳು. ಇಲ್ಲ ಅಂದಳು. ಅವನಿಗೆ ಹಾಯೆನಿಸಿತು. ಎರಡು ಗಳಿಗೆ ಕಳೆದು ಮತ್ತೆ ಬೆರಳು ಚಾಚಿದ. ಅವಳು ಮತ್ತೆ ನೋಡಿದಳು. ಒಲೆಯ ಮುಂದೆ, ಬಾವಿಯ ಹತ್ತಿರ, ಉಣ್ಣುವಾಗ. ಆ ಮನೆಯಲ್ಲಿ ಬೆರಳು ಮೂರನೆಯ ಆಳಾಯಿತು.

ವೈದ್ಯನ ಹತ್ತಿರ ಹೋದ. ವೈದ್ಯ ಬೆರಳು ಎಳೆದ, ಮಡಿಸಿದ, ಮೊಣಕಾಲಿಗೆ ತಟ್ಟಿದ, ಕಣ್ಣು ಮುಚ್ಚಿಸಿ ನಡೆಸಿದ. "ಏನೂ ಇಲ್ಲ" ಅಂದ. ನಾಲ್ಕನೆಯ ದಿನ ಮತ್ತೆ ಹೋದ. "ಏನೂ ಇಲ್ಲ" ಅಂದ. ಮೂರನೆಯ ಸಲ ಹೋದಾಗ ವೈದ್ಯ ಕೈ ಮುಟ್ಟಲಿಲ್ಲ.

"ಏನೂ ಇಲ್ಲ ಅಂತ ನಾನು ಹೇಳಿದ ಮಾತು ನಿನಗೆ ಎಷ್ಟು ಹೊತ್ತು ಬಾಳುತ್ತೆ?"

"ನಿಮ್ಮ ಹೊಸಿಲು ದಾಟೋ ತನಕ."

"ಹಾಗಾದರೆ ಹೊಸಿಲ ಈಚೆಗೇ ಇದ್ದುಬಿಡು. ನೀರು ಸೇದೋಕೆ ನನಗೂ ಆಳಿಲ್ಲ."

ಗಂಟುಗಾರ ನಗಲಿಲ್ಲ. ವೈದ್ಯನೂ ನಗು ನಿಲ್ಲಿಸಿದ.

"ನೋಡಯ್ಯಾ. ಮೂರು ಸಲ ನೋಡಿದ್ದೇನೆ. ಇವತ್ತಿಗೆ ಇಲ್ಲ. ಮುಂದಿನ ಜೊಂಡು ಕೊಯ್ಲಿಗೆ ಬಾ, ಮತ್ತೆ ನೋಡ್ತೀನಿ. ಹಗ್ಗ ಹಿಡಿಯೋಕೇ ಆಗದಿದ್ದರೆ ಅವತ್ತೇ ಬಾ. ಸುಮ್ಮನೆ ಕೇಳೋಕೆ ಬಂದರೆ ಬಾಗಿಲು ತೆಗೆಯಲ್ಲ."

"ಅಷ್ಟರಲ್ಲಿ ಬಂದುಬಿಟ್ಟರೆ?"

"ಬಂದರೆ ಬರುತ್ತೆ. ನೀನು ಕಾವಲು ಕೂತರೆ ಬರದೆ ಹೋಗುತ್ತಾ?"

ಆ ಮಾತು ಅವನಿಗೆ ಹಿಡಿಸಲಿಲ್ಲ. ಮನೆಗೆ ಬಂದು ಹೊಸ ಪರೀಕ್ಷೆ ಹುಡುಕಿದ. ಬೆರಳು ಸುಳ್ಳು ಹೇಳಬಹುದು, ವೈದ್ಯ ಸುಳ್ಳು ಹೇಳಬಹುದು. ಗಂಟು ಹೇಳುವುದಿಲ್ಲ. ಕೈ ಸೋತಿದ್ದರೆ ಗಂಟು ಸಡಿಲಿರಬೇಕು.

ಮರುದಿನ ಕಟ್ಟಿದ. ಏಟು ಹಾಕಿದ. "ಕಟ್ಟಾಯಿತು" ಅಂದ. ಬೆನ್ನು ತಿರುಗಿಸಿದ. ಬಾಗಿಲ ತನಕ ಹೋಗಿ, ಬೀದಿ ನೋಡಿ, ತಿರುಗಿ ಬಂದು, ಗಂಟನ್ನು ಹೆಬ್ಬೆರಳಿನಿಂದ ಒತ್ತಿ ನೋಡಿದ. ಗಟ್ಟಿಯಿತ್ತು. ಒಳಗೆ ಹೋದ. ಸರಿಯಾಗಿ ಒತ್ತಿದೆನಾ ಅನ್ನಿಸಿತು. ಮತ್ತೆ ಬಂದ.

ಹುಟ್ಟಿದ ಮೇಲೆ ಅವನು ಆ ಕಟ್ಟಳೆ ಮುರಿದದ್ದು ಅದೇ ಮೊದಲು. ಮುರಿದದ್ದು ದೊಡ್ಡದು ಅನ್ನಿಸಲೂ ಇಲ್ಲ. ದಿನಕ್ಕೆ ಎರಡು ಸಲವಾಯಿತು, ಐದು ಸಲವಾಯಿತು. ಒಂದು ದಿನ ಹನ್ನೊಂದು ಸಲ ಮುಟ್ಟಿದ.

ಅವತ್ತು ಮಧ್ಯಾಹ್ನ ಗಾಳಿ ಬಂತು. ಗಂಡ ಹೆಂಡತಿ ಅಂಗೈ ತೊಡೆಯ ಮೇಲಿಟ್ಟು ಕೂತಿದ್ದರು. ತಲೆಯ ಮೇಲೆ ಒಂದು ಸಲ ಹಗ್ಗ ಉಜ್ಜಿದ ಸದ್ದಾಯಿತು. ಆಮೇಲೆ ಬೆಳಕಾಯಿತು. ಛಾವಣಿ ಹೋಗಿತ್ತು. ಹೆಂಡತಿ ಗೋಡೆಯ ಮೂಲೆಗೆ ಅವನನ್ನು ಎಳೆದುಕೊಂಡಳು. ಅವನು ಮೇಲೆ ನೋಡುತ್ತಲೇ ಇದ್ದ. ಆಕಾಶ ಅಷ್ಟು ಹತ್ತಿರ ಇರುತ್ತದೆ ಅಂತ ಅವನಿಗೆ ಗೊತ್ತಿರಲಿಲ್ಲ.

ಛಾವಣಿ ಕೆರೆಯಲ್ಲಿ ಸಿಕ್ಕಿತು. ನಾಲ್ಕು ಜನ ಹೊತ್ತು ತಂದರು. ಕೆಳಕೇರಿಯವನೊಬ್ಬ, ಕೈ ಒರೆಸಿಕೊಳ್ಳುತ್ತಾ, "ಗಂಟುಗಾರರ ಮನೆಗೇ ಸೂರಿಲ್ಲ! ಇನ್ನು ನಾವು ಮರದ ಕೆಳಗೆ ಮಲಗೋಣ ಅಂದರೆ ಮರವೂ ಇಲ್ಲ" ಅಂದ. ಮಿಕ್ಕವರು ನಗಲಿಲ್ಲ. ಅದರಿಂದ ಅವನಿಗೆ ಹೆಚ್ಚು ನೋವಾಯಿತು.

ಸಂಜೆ ಊರ ಯಜಮಾನ ಬಂದ. ದೊಡ್ಡ ಗಾಳಿಗೆ ಇನ್ನು ಹತ್ತು ದಿನವಿತ್ತು.

"ಹಗ್ಗ ಇಟ್ಟುಬಿಡ್ತೀಯಾ?" ಅಂದ. ದನಿ ಮೆತ್ತಗಿತ್ತು. "ಅವಮಾನ ಏನಿಲ್ಲ. ನಿಮ್ಮ ದೊಡ್ಡಪ್ಪನೂ ಇಟ್ಟರು. ಇವತ್ತು ನಿನ್ನ ಛಾವಣಿ ಹೊತ್ತು ತಂದನಲ್ಲ, ಆ ಕೆಳಕೇರಿಯವನು ಕಟ್ಟಲಿ, ಗಂಟು ಬಲ್ಲವನು. ಊರಿಗೆ ಊರೇ ಆ ಸೂರಿನ ಕೆಳಗೆ ಕೂರಬೇಕು. ನಿನಗೇ ಗೊತ್ತು."

"ಗೊತ್ತು" ಅಂದ ಗಂಟುಗಾರ. "ನಾಳೆ ಹೇಳ್ತೀನಿ."

ಅವನಿಗೆ ಒಂದು ರೀತಿಯಲ್ಲಿ ನಿರಾಳವಾಗಿತ್ತು. ಗಂಟು ಸೋತಿತು. ಕೈ ಸೋತಿದೆ. ಗೊತ್ತಾಯಿತಲ್ಲ. ಗೊತ್ತಾಗದೆ ಇರುವುದಕ್ಕಿಂತ ಇದೇ ವಾಸಿ ಅನ್ನಿಸಿತು.

ಚಾವಡಿಯ ದೊಡ್ಡ ಹಗ್ಗ ಹುರಿಯಜ್ಜಿಯ ಹತ್ತಿರ ಇತ್ತು. ವರ್ಷಕ್ಕೊಮ್ಮೆ ಅದಕ್ಕೆ ಹೊಸ ಎಳೆ ಸೇರಿಸಿ ಹೊಸೆಯುವವಳು ಅವಳು. ಹಗ್ಗವನ್ನು ಕೆಳಕೇರಿಯವನಿಗೆ ಕೊಟ್ಟುಬಿಡು ಅಂತ ಹೇಳಲು ಗಂಟುಗಾರ ಬೆಳಿಗ್ಗೆ ಅವಳ ಮನೆಗೆ ಹೊರಟ. ಸೋತ ಹಗ್ಗವನ್ನೂ ಸುತ್ತಿಕೊಂಡು ಹೋದ, ಸಾಕ್ಷಿಗೆ. ಬೆರಳು ಅದುರಿದಂದಿನಿಂದ, ಆರು ತಿಂಗಳು, ಅವನು ಆ ಬಾಗಿಲಿಗೆ ಹೋಗಿರಲಿಲ್ಲ. ಹಗ್ಗ ಬೇಕಾದರೆ ಹೆಂಡತಿಯನ್ನು ಕಳಿಸುತ್ತಿದ್ದ. ಯಾಕೆಂದರೆ ಹುರಿಯಜ್ಜಿಗೆ ಕೈಮರೆವು ಬಂದು ಒಂಬತ್ತು ವರ್ಷವಾಗಿತ್ತು.

ಅಜ್ಜಿ ಜಗಲಿಯ ಮೇಲೆ ಕೂತಿದ್ದಳು. ಬಲಗೈ ಮಡಿಲಲ್ಲಿ ಸತ್ತ ಹಕ್ಕಿಯಂತೆ ಬಿದ್ದಿತ್ತು. ನಾರಿನ ತುದಿ ಕಾಲ್ಬೆರಳ ಸಂದಿಯಲ್ಲಿ. ಎಡಗೈ ನಡುಗುತ್ತಾ, ನಾರನ್ನು ಬರಿ ತೊಡೆಯ ಮೇಲೆ ಉಜ್ಜಿ ಉಜ್ಜಿ ಹೊಸೆಯುತ್ತಿತ್ತು.

"ಬಾರೋ" ಅಂದಳು. ಮಾತು ಸ್ವಲ್ಪ ಎಳೆಯುತ್ತಿತ್ತು. "ನನ್ನ ಕೈ ನೋಡೋಕೆ ಹೆದರಿಕೆ ಆಗ್ತಿತ್ತು, ಅಲ್ವಾ?"

ಅವನು ಕಂಕುಳಲ್ಲಿದ್ದ ಹಗ್ಗದ ಸುರುಳಿ ಸರಿಮಾಡಿಕೊಂಡ.

"ಇಲ್ಲ ಅಂತಾದರೂ ಅನ್ನಬಾರದೇನೋ, ಮುದುಕಿ ಮನಸ್ಸಿಗೆ?"

"ಹೆದರಿಕೆ ಆಗ್ತಿತ್ತು" ಅಂದ.

"ಕೂತ್ಕೋ."

ಅವನು ಸೋತ ಹಗ್ಗವನ್ನು ಮುಂದಿಟ್ಟ. ಅಜ್ಜಿ ಅದನ್ನು ಎಡಗೈಯಲ್ಲಿ ಎತ್ತಿ, ಗಂಟು ಬಿದ್ದಿದ್ದ ಜಾಗವನ್ನು ಮೂಗಿಗೆ ಹಿಡಿದಳು. ಹಲ್ಲಿನಿಂದ ಎಳೆ ಬಿಡಿಸಿದಳು. ಮತ್ತೆ ಮೂಸಿದಳು.

"ಗಂಟು ಚೆನ್ನಾಗೇ ಬಿದ್ದಿತ್ತು. ಎಷ್ಟು ಸಲ ಮುಟ್ಟಿದೆ?"

ಅವನ ಮುಖ ಬಿಸಿಯಾಯಿತು. "ಹನ್ನೊಂದು."

"ಹಸಿ ನಾರು ಒಣಗುವಾಗ ಒಂದನ್ನೊಂದು ಕಚ್ಚಿಕೊಳ್ಳುತ್ತೆ ಕಣೋ. ಕಚ್ಚುವ ಹೊತ್ತಲ್ಲಿ ಒತ್ತಿದರೆ ಬಿಡುತ್ತೆ. ಮತ್ತೆ ಕಚ್ಚೋಕೆ ಹೋಗುತ್ತೆ, ನೀನು ಮತ್ತೆ ಒತ್ತುತ್ತೀಯ. ಇಲ್ಲಿ ನೋಡು, ಮೇಲೆಲ್ಲ ಜುಂಗು ಎದ್ದಿದೆ. ಒಳಗೆ ಇನ್ನೂ ಹಸಿ ವಾಸನೆ. ಇದು ಒಣಗಲೇ ಇಲ್ಲ. ನೀನು ಬಿಡಲಿಲ್ಲ."

ಗಂಟುಗಾರ ಹಗ್ಗ ನೋಡಿದ. ಇಪ್ಪತ್ತೆರಡು ವರ್ಷ ಕಟ್ಟಿದ್ದ. ಬೆನ್ನು ತಿರುಗಿಸುವುದು ಮರ್ಯಾದೆಗೆ ಅಂದುಕೊಂಡಿದ್ದ. ಅದು ಕೆಲಸದ ಕೊನೆಯ ಭಾಗ ಅಂತ ಅವನಿಗೆ ಯಾರೂ ಹೇಳಿರಲಿಲ್ಲ.

"ಹಾಗಾದರೆ ಕೈ ಸೋತಿಲ್ಲ?" ಅಂದ. "ನನಗೆ ಇಲ್ಲ ಅನ್ನು, ಅಜ್ಜಿ."

"ಅನ್ನಲ್ಲ."

"ಯಾಕೆ?"

"ನನಗೇನು ಗೊತ್ತು? ನನಗೆ ಬಂತು. ನಾನು ಕೇಳಿಕೊಂಡಿದ್ದೆನಾ? ನಿನಗೂ ಬರಬಹುದು, ಬರದೇ ಇರಬಹುದು. ಬಂದ ದಿನ ನೋಡಿಕೊಳ್ಳೋಣ. ಜಗಲಿ ದೊಡ್ಡದಿದೆ, ಇಬ್ಬರೂ ಕೂರಬಹುದು."

ಅವನು ಅವಳ ಎಡಗೈ ನೋಡಿದ. ಆರು ತಿಂಗಳು ತಪ್ಪಿಸಿಕೊಂಡಿದ್ದನ್ನು ಈಗ ಕಣ್ಣು ನೆಟ್ಟು ನೋಡಿದ. ಕೈ ನಡುಗುತ್ತಿತ್ತು, ನಡುಗುತ್ತಲೇ ಹೊಸೆಯುತ್ತಿತ್ತು.

"ನಡುಗೋ ಕೈಲಿ ಹೊಸೆದರೆ ಹುರಿಗೆ ಬಿಗಿ ಹೆಚ್ಚಾ?" ಅಂದ. ಹೌದು ಅಂದರೆ ಸಾಕಿತ್ತು ಅವನಿಗೆ.

ಅಜ್ಜಿ ಉಗುಳಿದಳು. "ಬಿಗಿಯೂ ಇಲ್ಲ, ಮಣ್ಣೂ ಇಲ್ಲ. ಕೆಡುತ್ತೆ. ಬಿಚ್ಚುತ್ತೀನಿ. ಮತ್ತೆ ಹೊಸೆಯುತ್ತೀನಿ. ಒಂದು ದಿನದ ಕೆಲಸಕ್ಕೆ ಮೂರು ದಿನ ಹಿಡಿಯುತ್ತೆ. ಈ ಒಂಬತ್ತು ವರ್ಷ ನಿನ್ನ ಚಾವಡಿ ಹಗ್ಗ ಹೊಸೆದವಳು ಯಾರು? ಎಂದಾದರೂ ಹರಿಯಿತಾ?"

"ಇಲ್ಲ."

"ಮತ್ತೆ?"

ಆ ಎರಡಕ್ಷರವನ್ನು ಅವಳು ಅಂದ ರೀತಿ ಹೇಗಿತ್ತೆಂದರೆ, ಗಂಟುಗಾರ ಎದ್ದು ನಿಂತ. ಅವಳ ಮುಂದೆ ಕೂತಿರುವುದು ಸರಿಯಲ್ಲ ಅನ್ನಿಸಿತು.

"ಕಟ್ಟುವಾಗ ಎಷ್ಟು ಬೇಕಾದರೂ ನೋಡು" ಅಂದಳು ಅಜ್ಜಿ. "ಬೆರಳು ಹಗ್ಗ ಹಿಡಿಯದಿದ್ದರೆ ಆಗಲೇ ಗೊತ್ತಾಗುತ್ತೆ. ಹಗ್ಗ ಕೆಳಗಿಡು ಅಂತ ನಾನೇ ಹೇಳ್ತೀನಿ. ಹಿಡಿದರೆ ಕಟ್ಟು. ಕಟ್ಟಿದ ಮೇಲೆ ತಿರುಗು. ಒಂಬತ್ತು ದಿನ ನಿನ್ನ ಮನೆ ಗಂಟು ಕಟ್ಟಿ ತಿರುಗು. ಸಂಜೆ ಹಗ್ಗ ತಂದು ತೋರಿಸು, ಮೂಸ್ತೀನಿ. ನಿನ್ನ ಹೆಂಡತಿಗೂ ಹೇಳು, ಬೆರಳು ನೋಡಬಾರದು ಅಂತ."

ಗಂಟುಗಾರ ಯಜಮಾನನ ಮನೆಗೆ ಹೋದ. "ಕಟ್ಟುವಾಗ ಅಜ್ಜಿ ಪಕ್ಕದಲ್ಲಿರಲಿ. ಕೈ ಹಿಡಿಯದಿದ್ದರೆ ಅಲ್ಲೇ ಹಗ್ಗ ಇಡ್ತೀನಿ. ಹಿಡಿದರೆ ನಾನೇ ಕಟ್ಟೋದು" ಅಂದ. ಯಜಮಾನ ಅವನ ಕೈ ನೋಡಿದ. ಅವನು ಕೈ ಬಚ್ಚಿಡಲಿಲ್ಲ.

ಮೊದಲ ದಿನ ಕಟ್ಟಿ, ಏಟು ಹಾಕಿ, ತಿರುಗಿದ. ನಾಲ್ಕು ಹೆಜ್ಜೆಗೆ ಕಾಲು ನಿಂತಿತು. ಬೆನ್ನಿಗೆ ಯಾರೋ ಹಗ್ಗ ಕಟ್ಟಿ ಹಿಂದಕ್ಕೆ ಎಳೆದ ಹಾಗಾಯಿತು. ಮೂರು ಸಲ ಮುಟ್ಟಿದ. ಸಂಜೆ ಅಜ್ಜಿ ಹಗ್ಗ ಮೂಸಿ, "ಮೂರು" ಅಂದಳು.

ಎರಡನೆಯ ದಿನ ಒಂದು ಸಲ ಮುಟ್ಟಿದ. ಮೂರನೆಯ ದಿನ ಒಳಗೆ ಹೋಗಿ ಕೈಗಳನ್ನು ತೊಡೆಯ ಕೆಳಗೆ ಹಾಕಿಕೊಂಡು ಕೂತ. ಬೆವರಿದ. ಬೆರಳು ಅದುರಿತು ಅನ್ನಿಸಿತು.

"ಒಂದೇ ಒಂದು ಸಲ ನೋಡೇ" ಅಂದ ಹೆಂಡತಿಗೆ.

"ನಾನು ನೋಡಲ್ಲ. ಮುದ್ದೆ ತಿರುವಬೇಕು."

"ಒಂದೇ ಸಲ."

"ಬೇಕಾದರೆ ಬಂದು ಪಾತ್ರೆ ಹಿಡಿದುಕೊಳ್ಳಿ. ಆ ಬೆರಳಿಗೂ ಕೆಲಸ ಸಿಗುತ್ತೆ."

ಅವನು ಪಾತ್ರೆ ಹಿಡಿದ. ಅವಳು ಮುದ್ದೆಕೋಲಿನಿಂದ ತಿರುವಿದಳು. ಹಿಡಿದು ಮುಗಿಯುವ ತನಕ ಅವನಿಗೆ ಬೆರಳಿನ ನೆನಪಾಗಲಿಲ್ಲ. ಮುಗಿದ ಮೇಲೆ ಆಯಿತು.

ನಾಲ್ಕನೆಯ ದಿನ ಮುಟ್ಟಲಿಲ್ಲ. ಐದನೆಯ ದಿನವೂ ಮುಟ್ಟಲಿಲ್ಲ. ಗೆದ್ದೆ ಅಂದುಕೊಂಡ. ಆರನೆಯ ದಿನ ಓಡಿ ಹೋಗಿ ಆರು ಸಲ ಮುಟ್ಟಿದ. ಅವತ್ತು ಛಾವಣಿಯ ಒಂದು ಮೂಲೆ ಎದ್ದು ಕುಣಿಯಿತು. ಸಂಜೆ ಹಗ್ಗ ಹಿಡಿದು ಅಜ್ಜಿಯ ಮುಂದೆ ನಿಂತಾಗ ತಲೆ ಎತ್ತಲಿಲ್ಲ.

ಅಜ್ಜಿ ಬೈಯಲಿಲ್ಲ. ತನ್ನ ತೊಡೆಯ ಮೇಲೆ ಕೆಟ್ಟುಹೋಗಿದ್ದ ಹುರಿಯನ್ನು ತೋರಿಸಿದಳು. ಬಿಚ್ಚಿದಳು. ಮತ್ತೆ ಹೊಸೆಯಲು ಶುರುಮಾಡಿದಳು.

ಏಳು, ಎಂಟು, ಒಂಬತ್ತನೆಯ ದಿನ ಅವನು ಕಟ್ಟಿ ತಿರುಗಿದ. ಹೆದರಿಕೆ ಹೋಗಿರಲಿಲ್ಲ. ಹೆದರಿಕೆಯನ್ನು ಜೊತೆಗೇ ಕರೆದುಕೊಂಡು ತಿರುಗಿದ.

ದೊಡ್ಡ ಗಾಳಿಯ ದಿನ ಬಂತು. ಊರೆಲ್ಲ ಛಾವಣಿ ಇಳಿಸಿತು. ಮನೆಗಳು ಬಾಯಿ ತೆರೆದ ಮಡಕೆಗಳ ಹಾಗೆ ಸಾಲಾಗಿ ಕೂತವು. ಜನ ಚಾವಡಿಗೆ ಬಂದರು. ಹಸುಗೂಸುಗಳು, ಬಸುರಿಯರು, ಮುದುಕರು. ಹುರಿಯಜ್ಜಿಯನ್ನು ಇಬ್ಬರು ಎತ್ತಿಕೊಂಡು ಬಂದು ಕಲ್ಲುಗೂಟದ ಹತ್ತಿರ ಕೂರಿಸಿದರು. ಗೂಟದಿಂದ ಚಾವಡಿಯ ಬಾಗಿಲಿಗೆ ನಲವತ್ತು ಹೆಜ್ಜೆ.

ಗಂಟುಗಾರ ಹಸಿ ಹಗ್ಗ ಎತ್ತಿದ. ಎಡಗೈಯ ಕಿರುಬೆರಳು ಅದುರಿತು. ಎಲ್ಲರೂ ನೋಡಿದರು. ಹೆಂಡತಿ ಮುಖ ತಿರುಗಿಸಿಕೊಂಡಳು. ಅಜ್ಜಿ ಬೆರಳನ್ನು ನೋಡಲಿಲ್ಲ, ಹಗ್ಗವನ್ನು ನೋಡುತ್ತಿದ್ದಳು. ಬೆರಳು ಅದುರಿತು, ಆದರೆ ಹಗ್ಗ ಹಿಡಿಯಿತು. ಅಜ್ಜಿ ಏನೂ ಹೇಳಲಿಲ್ಲ.

ಒಂದು ಸುತ್ತು ಹಾಕಿದ. ಎರಡು ಸುತ್ತು. ಮೂರನೆಯ ಸುತ್ತು ಓರೆಯಾಯಿತು.

ಕೆಳಕೇರಿಯವನು ಒಂದು ಹೆಜ್ಜೆ ಮುಂದೆ ಬಂದ. ಜನರಲ್ಲಿ ಗುಜುಗುಜು ಎದ್ದಿತು.

ಗಂಟುಗಾರ ಬಿಚ್ಚಿದ. ಇಪ್ಪತ್ತೆರಡು ವರ್ಷದಲ್ಲಿ ಊರ ಮುಂದೆ ಅವನು ಬಿಚ್ಚಿದ್ದು ಅದೇ ಮೊದಲು. ಮತ್ತೆ ಹಾಕಿದ. ಒಂದು. ಎರಡು. ಮೂರು. ಮೊಣಕಾಲು ಗೂಟಕ್ಕೆ ಕೊಟ್ಟು, ಬೆನ್ನೆಲುಬು ಸದ್ದಾಗುವ ಹಾಗೆ ಎಳೆದ. ಹಗ್ಗದಿಂದ ನೀರು ಸುರಿಯಿತು. ಸುತ್ತಲೂ ನಿಧಾನವಾಗಿ ನೋಡಿದ. ಮೇಲಿನಿಂದ ನೋಡಿದ, ಬಗ್ಗಿ ಕೆಳಗಿನಿಂದ ನೋಡಿದ. ಹೊತ್ತು ತೆಗೆದುಕೊಂಡ. ಆಮೇಲೆ ಗೂಟಕ್ಕೆ ಏಟು ಹಾಕಿದ.

"ಕಟ್ಟಾಯಿತು."

ಬೆನ್ನು ತಿರುಗಿಸಿದ.

ಹತ್ತು ಹೆಜ್ಜೆ ಸಲೀಸು. ಹದಿನೈದಕ್ಕೆ ಬೆರಳು ನೀರಿನಿಂದ ತೆಗೆದ ಮೀನಿನ ಹಾಗೆ ಹಾರಿತು. ಇಪ್ಪತ್ತಕ್ಕೆ ದೊಡ್ಡಪ್ಪ ಕಣ್ಣ ಮುಂದೆ ಬಂದು ನಿಂತ, ಹಸಿ ಹಗ್ಗ ಹಿಡಿದು. ಗಂಟುಗಾರನ ಕಾಲು ನಿಂತಿತು. ಮೂರನೆಯ ಸುತ್ತು ಸರಿಯಾಗಿ ಬಿತ್ತಾ? ನೋಡಿದ್ದ. ನೋಡಿದ್ದು ನಿಜವಾ? ಇಪ್ಪತ್ತು ಹೆಜ್ಜೆ ಹಿಂದಕ್ಕೆ, ಒಂದು ಸಲ ಹೆಬ್ಬೆರಳು ಒತ್ತಿದರೆ ಸಾಕು. ಊರಿಗೆ ಊರೇ ಆ ಸೂರಿನ ಕೆಳಗಿದೆ.

ಚಾವಡಿಯ ಬಾಗಿಲಲ್ಲಿ ನಿಂತಿದ್ದ ಯಜಮಾನನಿಗೂ ತಡೆಯಲಾಗಲಿಲ್ಲ.

"ಏನಯ್ಯಾ, ಗಂಟು ಸರಿಯಿದೆಯಾ? ಒಂದು ಸಲ ನೋಡಿಕೊಂಡು ಬಂದುಬಿಡು."

ಗಂಟುಗಾರ ತಲೆ ಎತ್ತಿದ.

"ಕಟ್ಟಾಯಿತು ಅಂದೆನಲ್ಲ."

ಅಷ್ಟು ಗಟ್ಟಿಯಾಗಿ ಅವನು ಮಾತಾಡಿದ್ದನ್ನು ಯಾರೂ ಕೇಳಿರಲಿಲ್ಲ. ನಡೆದ. ಕೈಗಳನ್ನು ಮುಂದೆ ಹಿಡಿದುಕೊಂಡು ನಡೆದ, ಅದುರುವ ಬೆರಳು ಎಲ್ಲರಿಗೂ ಕಾಣುವ ಹಾಗೆ. ಮೂವತ್ತು. ನಲವತ್ತು. ಅವನ ಹಿಂದೆ ಅಜ್ಜಿಯನ್ನು ಎತ್ತಿಕೊಂಡು ಬಂದರು. ಬಾಗಿಲು ಹಾಕಿದರು.

ಬಿಸಿಲು ಏರಿತು. ನೆರಳು ಕಾಲಡಿ ಸೇರಿತು. ಜನ ಅಂಗೈಗಳನ್ನು ತೊಡೆಯ ಮೇಲೆ ಮಲಗಿಸಿದರು. ಗಂಟುಗಾರನೂ ಮಲಗಿಸಿದ. ಅಜ್ಜಿಯ ಬಲಗೈಯನ್ನು ಹೆಂಡತಿ ಎತ್ತಿ ಅಜ್ಜಿಯ ತೊಡೆಯ ಮೇಲೆ ಇಟ್ಟಳು.

ಗಾಳಿ ಬಂತು. ಬೋಳುಗುಡ್ಡವೇ ಎದ್ದು ಬಂದ ಹಾಗೆ ಬಂತು. ಸೂರು ನರಳಿತು. ಒಂದು ಬೆರಳು ಅಗಲ ಮೇಲಕ್ಕೆದ್ದಿತು. ಆ ಸಂದಿಯಲ್ಲಿ ಬೆಳಕಿನ ಗೆರೆಯೊಂದು ಎಲ್ಲರ ಮುಖದ ಮೇಲೆ ಹಾದುಹೋಯಿತು. ಕೂಸುಗಳು ಕಿರುಚಿದವು. ಗಂಟುಗಾರ ಕಣ್ಣು ಮುಚ್ಚಲಿಲ್ಲ, ಕೈ ನೋಡಲೂ ಇಲ್ಲ. ಎದುರಿನ ಗೋಡೆಯನ್ನು ನೋಡುತ್ತಿದ್ದ. ಕಟ್ಟುವಷ್ಟು ಕಟ್ಟಿದ್ದ. ಇನ್ನು ಅದು ಹಗ್ಗದ ಕೆಲಸ.

ಸೂರು ಮತ್ತೆ ಗೋಡೆಯ ಮೇಲೆ ಕೂತಿತು. ಎದ್ದಿತು. ಕೂತಿತು. ಗಾಳಿ ಇಡೀ ಮಧ್ಯಾಹ್ನ ಎಳೆಯಿತು. ಆಮೇಲೆ ಹೋಯಿತು.

ಬಾಗಿಲು ತೆರೆದರು. ಮೊದಲು ಅಜ್ಜಿಯನ್ನು ಗೂಟದ ಹತ್ತಿರ ಒಯ್ದರು. ಗಂಟು ಬಿಳಿಚಿಕೊಂಡು, ಕಲ್ಲಿನ ಮೇಲೆ ಇನ್ನೊಂದು ಕಲ್ಲಿಟ್ಟ ಹಾಗೆ ಕೂತಿತ್ತು. ಒಂದು ಜುಂಗೂ ಎದ್ದಿರಲಿಲ್ಲ. ಅಜ್ಜಿ ಬಗ್ಗಿ ಮೂಸಿದಳು.

"ಹ್ಞೂಂ" ಅಂದಳು. ಅಷ್ಟೇ. ಅವಳ ಬಾಯಲ್ಲಿ ಅದು ದೊಡ್ಡ ಮಾತು. ಗಂಟುಗಾರನ ಎದೆ ಒಂದು ಅಂಗುಲ ಎತ್ತರವಾಯಿತು. ಹೊಗಳಿಕೆಗೆ ಅವನಿಗೆ ಸಿಟ್ಟು ಬರಲಿಲ್ಲ.

"ಆ ಹುರಿ ಯಾರದ್ದು?" ಅಂದ.

"ನಂದೇ ಕಣೋ" ಅಂದಳು ಅಜ್ಜಿ. ಅವಳ ಎದೆಯೂ ಎತ್ತರವಾಗಿತ್ತು.

ಜನ ಛಾವಣಿ ಏರಿಸಲು ಮನೆಗಳಿಗೆ ಓಡಿದರು. ಕೆಳಕೇರಿಯವನು ಹೋಗುವಾಗ ಗಂಟನ್ನು ದೂರದಿಂದ ಒಮ್ಮೆ ನೋಡಿ ಹೋದ. ಗಂಟುಗಾರ ಗೂಟದ ಹತ್ತಿರ ಉಳಿದ. ಹೆಂಡತಿ ಕೊಡದಲ್ಲಿ ನೀರು ತಂದಳು. ಅವನು ಗಂಟಿನ ಮೇಲೆ ಹೊಯ್ದ. ಅಂಥ ಗಂಟು ನೀರು ಕುಡಿದು ಬಿಡಲು ಹೊತ್ತು ಹಿಡಿಯುತ್ತದೆ. ಇಬ್ಬರೂ ಕಾಯುತ್ತಾ ನಿಂತರು.

ಒಂಬತ್ತು ದಿನ ಅವಳು ನೋಡಿರಲಿಲ್ಲ, ಕೇಳಿರಲಿಲ್ಲ. ಈಗ ಅವಳಿಗೂ ತಡೆಯಲಾಗಲಿಲ್ಲ.

"ಬೆರಳು ಹೇಗಿದೆ?" ಅಂದಳು, ಮೆಲ್ಲಗೆ.

ಗಂಟುಗಾರ ಬಾಕಿ ನೀರನ್ನು ಗಂಟಿಗೆ ಹೊಯ್ದ.

"ನೋಡಿಲ್ಲ" ಅಂದ.